ಒಂದು ಕೀಲಿ, ನೂರು ಖೋಲಿ

ಕೀಲಿ ಎಂಬ ಮಾತಿಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆಗೆ ಇರುವ ಅರ್ಥವು ಮೈಸೂರಿನ ಕಡೆಗೆ ಇಲ್ಲ. ನಾವು ಬಾಗಿಲಿಗೆ ಕೀಲಿ ಹಾಕುತ್ತೇವೆ, ಕೀಲಿಕೈಯಿಂದ ತೆಗೆಯುತ್ತೇವೆ. ಅವರು ಬೀಗ ಹಾಕುತ್ತಾರೆ, ಬೀಗದಕೈಯಿಂದ ತೆಗೆಯುತ್ತಾರೆ. 'ಬೀಗ' ಎಂದೊಡನೆ ನಮಗೆ ಮೊದಲು ನೆನಪಾಗುವವರು ಮದುವೆಯಿಂದ ಗಂಟುಬಿದ್ದ ಬೀಗರು. ಬಾಗಿಲಿನ ಬೀಗಕ್ಕೂ ಮದುವೆಯ ಬೀಗರಿಗೂ ಏನು ನಂಟೆಂಬುದನ್ನು ಭಾಷಾಶಾಸ್ತ್ರಜ್ಞರಿಗೆ ಬಿಡೋಣ. ಇಬ್ಬರೂ ಒಮ್ಮೆ ಬಿಗಿದುಕೊಂಡರೆ ಸುಲಭವಾಗಿ ಬಿಡುವವರಲ್ಲ ಎಂಬಷ್ಟು ಅನುಭವದಿಂದ ಹೇಳಬಲ್ಲೆ.

ಹೆಸರು ಯಾವುದಾದರೂ ಇರಲಿ, ಅದರ ಕೆಲಸವೇನೆಂದು ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಕಳ್ಳರು ಬಾರದಂತೆ ಕಾಯುವುದು. ಆದರೆ ನಾನು ಚಿಕ್ಕಂದಿನಲ್ಲಿ ಕಂಡ ಅತಿ ದೊಡ್ಡ ಕೀಲಿಗೆ ಕಳ್ಳರ ಸಂಬಂಧವೇ ಇರಲಿಲ್ಲ. ಅದು ಬೈರಿದೇವರಕೊಪ್ಪದ ನಮ್ಮ ಹಳೆಯ ಮಾಳಿಗೆ ಮನೆಯ ಉಗ್ರಾಣಕ್ಕೆ ಬೀಳುತ್ತಿದ್ದ ಕೀಲಿ. ಆಗ ಬೈರಿದೇವರಕೊಪ್ಪವೆಂದರೆ ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಪುಣೆ-ಬೆಂಗಳೂರು ರಸ್ತೆಗೆ ಅಂಟಿಕೊಂಡ ಹಳ್ಳಿ. ಕದಿಯಬೇಕೆನ್ನುವವನು ಎರಡರಲ್ಲಿ ಒಂದು ಪೇಟೆಗೆ ಹೋಗುತ್ತಿದ್ದನೇ ಹೊರತು ನಮ್ಮಲ್ಲಿಗೆ ಬರುತ್ತಿರಲಿಲ್ಲ. ಅಜ್ಜಿಯ ಕೀಲಿ ಇದ್ದದ್ದು ಲೆಕ್ಕಕ್ಕಾಗಿ. ಮನೆಯಲ್ಲಿ ಮೂವರು ಸೊಸೆಯಂದಿರು. ಇಬ್ಬರು ಒಟ್ಟಿಗೆ ಒಳಗೆ ಹೋಗಿ ಒಂದೇ ಡಬ್ಬಿಯಿಂದ ಬೇಳೆ ತೆಗೆದರೆ, ಇನ್ನೂ ಇದೆ ಎಂದು ಇಬ್ಬರೂ ತಿಳಿದರೆ, ಸಂತೆಯ ದಿನ ಬರುವ ಮೊದಲೇ ಡಬ್ಬಿಯ ತಳ ಕಾಣುತ್ತದೆ. ಆದ್ದರಿಂದ ಅಜ್ಜಿಯ ಕಾನೂನು ಸರಳ: ಒಂದು ಸಲಕ್ಕೆ ಒಬ್ಬರು. ಒಬ್ಬಳು ಹೊರಗೆ ಬಂದು ಕೀಲಿಕೈ ಅಜ್ಜಿಯ ಸೊಂಟಕ್ಕೆ ಮರಳಿದ ಮೇಲೆಯೇ ಇನ್ನೊಬ್ಬಳು ಒಳಗೆ.

ಆ ಮನೆಯಲ್ಲಿ ಲೆಕ್ಕ ತಪ್ಪಿದ್ದನ್ನು ನಾನು ಕಾಣೆ. ಆದರೆ ಬೆಳಗಿನ ಹೊತ್ತು ಪಡಸಾಲೆಯಲ್ಲಿ ನನ್ನ ತಾಯಿಯೂ ಚಿಕ್ಕಮ್ಮಂದಿರೂ ಕೈಯಲ್ಲಿ ಪಾತ್ರೆ ಹಿಡಿದು ನಿಂತಿರುತ್ತಿದ್ದುದನ್ನು ಕಂಡಿದ್ದೇನೆ. ಒಬ್ಬಳಿಗೆ ಬೇಕಾದದ್ದು ಜೋಳದ ಹಿಟ್ಟು, ಇನ್ನೊಬ್ಬಳಿಗೆ ಬೆಲ್ಲ, ಮತ್ತೊಬ್ಬಳಿಗೆ ಬರಿಯ ಒಂದು ಜಮಖಾನೆ. ಮೂರೂ ಬೇರೆ ಬೇರೆ ಮೂಲೆಯಲ್ಲಿದ್ದವು. ಒಬ್ಬಳ ಕೈ ಇನ್ನೊಬ್ಬಳ ಕೈಗೆ ತಾಗುವ ಸಂಭವವೇ ಇರಲಿಲ್ಲ. ಆದರೂ ಒಬ್ಬಳಿಗಾಗಿ ಇನ್ನೊಬ್ಬಳು ನಿಲ್ಲಬೇಕು. ಏಕೆಂದರೆ ಕೀಲಿ ಇದ್ದದ್ದು ಮೂಲೆಗಲ್ಲ, ಬಾಗಿಲಿಗೆ.

ಈ ಕಥೆಯನ್ನು ಹೋದ ಪಂಚಮಿಗೆ ತವರಿಗೆ ಬಂದ ಅಕ್ಕನಿಗೆ ಉಂಡಿ ತಿನ್ನುತ್ತ ನೆನಪು ಮಾಡಿಕೊಡುತ್ತಿದ್ದೆ. ಅವಳ ಮಗಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸದಲ್ಲಿದ್ದಾಳೆ. ಅದು ಎಂಥ ಕೆಲಸವೆಂದು ಕೇಳಿದಾಗಲೆಲ್ಲ 'ಕಂಪ್ಯೂಟರ್' ಎಂಬ ಒಂದೇ ಮಾತಿನಿಂದ ನನ್ನನ್ನು ಸುಮ್ಮನಾಗಿಸುತ್ತಿದ್ದವಳು ಅಂದು ತಾನಾಗಿಯೇ ಬಾಯಿ ಬಿಟ್ಟಳು.

"ಮಾಮಾ, ನೀವು ಹೇಳಾಕತ್ತಿದ್ದು ನಮ್ಮ ಆಫೀಸಿನ ಕಥಿನ ಅದರಿ. ನಾವೂ ದಿನಾ ಈ ಕೀಲಿ ಸಂಬಂಧನ ಬಡದಾಡತೇವಿ."

"ನಿಮ್ಮಲ್ಲೂ ಉಗ್ರಾಣ ಐತೇನವಾ?"

"ಉಗ್ರಾಣನ ಐತ್ರಿ. ಅದಕ್ಕ ಮೆಮೊರಿ ಅಂತೇವಿ."

ಅವಳು ಎರಡು ಸಂಜೆ ಕುಳಿತು ತಿಳಿಸಿದ್ದನ್ನು ನಾನು ಕನ್ನಡ ಮೇಷ್ಟ್ರ ಕ್ರಮದಲ್ಲಿ ಜೋಡಿಸಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ, ನಮ್ಮ ಜೇಬಿನ ಫೋನಿನಲ್ಲಿ ಕೂಡ, ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಆಪರೇಟಿಂಗ್ ಸಿಸ್ಟಂ ಎಂಬ ಯಜಮಾನನು ಒಂದು ದೊಡ್ಡ ಮನೆಯನ್ನು ಬರೆದುಕೊಡುತ್ತಾನೆ. ಬರೆದುಕೊಡುತ್ತಾನೆ ಎಂದೆ, ಕಟ್ಟಿಕೊಡುತ್ತಾನೆ ಎನ್ನಲಿಲ್ಲ. ಇಂಥ ಅಂಕೆಯಿಂದ ಇಂಥ ಅಂಕೆಯವರೆಗೆ ಒಂದು ಖೋಲಿ, ಅದರಲ್ಲಿ ಪ್ರೋಗ್ರಾಮಿನ ಆಜ್ಞೆಗಳು. ಇನ್ನೊಂದು ಖೋಲಿಯಲ್ಲಿ ತಾತ್ಕಾಲಿಕ ಲೆಕ್ಕಗಳು. ಮತ್ತೊಂದರಲ್ಲಿ ಯಾವುದೋ ಕಡತದ ಪ್ರತಿ. ಹೀಗೆ ನೂರಾರು ಖೋಲಿಗಳು, ಎಲ್ಲವೂ ಒಂದು ದಫ್ತರದ ಮೇಲೆ. ನಿಜವಾದ ಸ್ಮರಣೆ ಸಿಗುವುದು ಪ್ರೋಗ್ರಾಮು ಆ ಖೋಲಿಯ ಒಂದು ಜಾಗವನ್ನು ಮೊದಲ ಸಲ ಮುಟ್ಟಿದಾಗ. ಆಗ ಯಂತ್ರ ಒಂದು ಕ್ಷಣ ನಿಂತು ಯಜಮಾನನನ್ನು ಕರೆಯುತ್ತದೆ. ಅವನು ದಫ್ತರ ನೋಡುತ್ತಾನೆ, ಜಾಗ ಇವನದೇ ಎಂದು ಖಾತ್ರಿ ಮಾಡಿಕೊಳ್ಳುತ್ತಾನೆ, ಒಂದು ಪುಟ ಸ್ಮರಣೆಯನ್ನು ತಂದು ಅಲ್ಲಿ ಹಾಸುತ್ತಾನೆ. ಸ್ಮರಣೆಯನ್ನು ಅವರು ಪುಟದ ಲೆಕ್ಕದಲ್ಲಿ ಅಳೆಯುತ್ತಾರೆಂದು ಕೇಳಿ ನನಗೆ ಸಂತೋಷವೇ ಆಯಿತು. ಒಂದು ಪುಟಕ್ಕೆ ಸಾಮಾನ್ಯವಾಗಿ 4096 ಬೈಟು. ಈ ಇಡೀ ಪ್ರಸಂಗಕ್ಕೆ ಪೇಜ್ ಫಾಲ್ಟ್ ಎಂದು ಹೆಸರು. ತಪ್ಪು ಎಂಬ ಹೆಸರನ್ನು ಹೊತ್ತಿದ್ದರೂ ಅದರಲ್ಲಿ ಯಾರ ತಪ್ಪೂ ಇಲ್ಲ.

ಇನ್ನು ಸೊಸೆಯಂದಿರು. ಒಂದೇ ಪ್ರೋಗ್ರಾಮಿನೊಳಗೆ ಹತ್ತಾರು, ನೂರಾರು ಕೆಲಸದ ಎಳೆಗಳು ಒಟ್ಟೊಟ್ಟಿಗೆ ಓಡುತ್ತವೆ. ಅವರು ಥ್ರೆಡ್ ಎನ್ನುತ್ತಾರೆ, ನಾವು ಎಳೆ ಎನ್ನೋಣ. ಎಲ್ಲ ಎಳೆಗಳಿಗೂ ಮನೆ ಒಂದೇ, ದಫ್ತರ ಒಂದೇ. ಒಂದು ಎಳೆ ಪುಟ ಕೇಳುತ್ತಿರುವ ಹೊತ್ತಿನಲ್ಲಿಯೇ ಇನ್ನೊಂದು ಎಳೆ ಆ ಖೋಲಿಯನ್ನು ಕೆಡವಿಬಿಟ್ಟರೆ ಗತಿಯೇನು? ಅದಕ್ಕಾಗಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ಇಡಿಯ ಮನೆಗೆ ಒಂದು ಕೀಲಿ ಇಟ್ಟಿದ್ದರು. ಅಜ್ಜಿಯ ಕೀಲಿಗಿಂತ ಅದು ಸ್ವಲ್ಪ ಉದಾರಿ. ದಫ್ತರವನ್ನು ಓದಿ ಪುಟ ಪಡೆಯುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಒಳಗೆ ಹೋಗಬಹುದು. ಗೋಡೆ ಒಡೆಯುವವನು, ಹೊಸ ಖೋಲಿ ಸೇರಿಸುವವನು ಮಾತ್ರ ಒಬ್ಬನೇ ಇರಬೇಕು. ಅವನು ಬಂದು ಬಾಗಿಲಲ್ಲಿ ನಿಂತನೆಂದರೆ ಒಳಗಿದ್ದವರೆಲ್ಲ ಹೊರಬೀಳುವವರೆಗೆ ಅವನು ಕಾಯಬೇಕು, ಅವನ ಹಿಂದೆ ಬಂದವರು ಅವನಿಗಾಗಿ ಕಾಯಬೇಕು. ಅವನು ಒಡೆಯುವುದು ಹಿತ್ತಲ ಕಡೆಯ ಗೋಡೆಯನ್ನು. ಕಾಯುವವರಿಗೆ ಬೇಕಾದದ್ದು ಪಡಸಾಲೆಯ ಒಂದು ಪುಟ. ಇರಲಿ, ಬಾಗಿಲು ಒಂದೇ ತಾನೆ! ಇಷ್ಟು ಸಾಲದೆಂಬಂತೆ, ಬರಿಯ ಓದಲು ಬಂದವರು ಕೂಡ 'ಒಳಗೆ ಬಂದೆ, ಹೊರಗೆ ಹೋದೆ' ಎಂದು ಒಂದೇ ಎಣಿಕೆಯ ಚೀಟಿಯಲ್ಲಿ ಗುರುತು ಹಾಕಬೇಕು. ಆ ಒಂದು ಚೀಟಿಯನ್ನು ಹತ್ತಾರು ಪ್ರೊಸೆಸರುಗಳು ಕೈಯಿಂದ ಕೈಗೆ ಎಳೆದಾಡುವುದರಲ್ಲಿಯೇ ಹೊತ್ತು ಹೋಗುತ್ತದೆ.

ಇದಕ್ಕೆ ಅವರ ಪರಿಭಾಷೆಯಲ್ಲಿ ಲಾಕ್ ಕಂಟೆನ್ಷನ್ ಎನ್ನುತ್ತಾರೆ. "ಇದಕ್ಕ ಕನ್ನಡದಾಗ ಏನಂತಾರ್ರಿ?" ಎಂದು ಸೊಸೆ ಕೇಳಿದಳು. ಕೂಡಲೆ ಉತ್ತರ ಹೊಳೆಯಲಿಲ್ಲ. ರಾತ್ರಿ ಯೋಚಿಸುತ್ತಿದ್ದಾಗ ನಮ್ಮ ಭಾಷೆ ಈ ವಿಷಯವನ್ನು ಮೊದಲೇ ತಿಳಿದುಕೊಂಡಂತೆ ಕಂಡಿತು. ಕೀಲಿ ಮನೆಯನ್ನು ಕಾಯುತ್ತದೆ. ಬಾಗಿಲಲ್ಲಿ ಜನ ಕಾಯುತ್ತಾರೆ. ರಕ್ಷಿಸುವುದಕ್ಕೂ ದಾರಿ ನೋಡುವುದಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ! ಬಿಸಿಯಾಗುವುದಕ್ಕೂ ಅದೇ: ಕೀಲಿಗಾಗಿ ಸುಮ್ಮನೆ ತಿರುಗುತ್ತ ನಿಂತ ಪ್ರೊಸೆಸರು ನಿಜವಾಗಿಯೂ ಕಾಯುತ್ತದಂತೆ, ಹಂಚು ಕಾದ ಹಾಗೆ. ಹಳಗನ್ನಡದ 'ಕಾದು' ಎಂದರೆ ಹೋರಾಡು ಎಂದಾಗುತ್ತದೆ. ಸಾಲಿನಲ್ಲಿ ಬಹಳ ಹೊತ್ತು ಕಾದವರು ಕೊನೆಗೆ ಮಾಡುವುದೂ ಅದನ್ನೇ.

ಕೀಲಿಯನ್ನು ಸಣ್ಣದು ಮಾಡಿದರಾಯಿತಲ್ಲ ಎಂದು ವಾಚಕರು ಕೇಳಬಹುದು. ನಾನೂ ಕೇಳಿದೆ. ಅದು ಅಷ್ಟು ಸುಲಭವಾಗಿದ್ದರೆ ಅಷ್ಟು ವರ್ಷ ಹಿಡಿಯುತ್ತಿರಲಿಲ್ಲ. ಲಿನಕ್ಸ್ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿರುವ ಯಂತ್ರಕ್ಕೆ 1996ರಲ್ಲಿ ಸಿದ್ಧವಾದಾಗ ಅದರ ಒಳಮನೆಗೆಲ್ಲ ಒಂದೇ ಮಹಾಕೀಲಿ ಇತ್ತು. ಯಾವ ಕೆಲಸಕ್ಕೇ ಆಗಲಿ, ಒಂದು ಸಲಕ್ಕೆ ಒಂದೇ ಪ್ರೊಸೆಸರು ಒಳಗೆ. ಅದನ್ನು ಚೂರುಚೂರಾಗಿ ಬಿಚ್ಚುತ್ತ ಬಂದು ಪೂರ್ತಿಯಾಗಿ ಕಿತ್ತುಹಾಕಿದ್ದು 2011ರಲ್ಲಿ. ಹದಿನೈದು ವರ್ಷ! ಆಮೇಲೂ ಸ್ಮರಣೆಯ ಮನೆಯ ಕೀಲಿ ಹಾಗೆಯೇ ಉಳಿಯಿತು. ಕೀಲಿ ಹಿಡಿಯದೆಯೇ ಪುಟ ಕೊಡುವ ಒಂದು ಉಪಾಯವನ್ನು ಪೀಟರ್ ಝೈಲ್‌ಸ್ಟ್ರಾ ಎಂಬವರು 2010ರಲ್ಲಿ ಮುಂದಿಟ್ಟರು. ಬೇರೆಯವರು ಅದನ್ನು ವರ್ಷಗಟ್ಟಲೆ ತಿದ್ದಿದರು. ತೊಡಕು ಹೆಚ್ಚೆಂದು ಅದು ಒಳಗೆ ಸೇರಲಿಲ್ಲ. 2020ರಲ್ಲಿ ಕೀಲಿಯ ಹೆಸರು ಎಂಮ್ಯಾಪ್ ಸೆಮ್ ಎಂದಿದ್ದದ್ದು ಎಂಮ್ಯಾಪ್ ಲಾಕ್ ಎಂದಾಯಿತು. ಹೆಸರು ಬದಲಾದರೆ ಸಾಲು ಕರಗುವುದೆ? 2014ರಲ್ಲಿ ಇಂಗ್ಲಿಷಿನ 'ಹುಬ್ಳಿ' ಹುಬ್ಬಳ್ಳಿಯಾದಾಗ ಚನ್ನಮ್ಮ ವೃತ್ತದ ಗದ್ದಲವೇನೂ ಕಡಿಮೆಯಾಗಲಿಲ್ಲ.

ದಾರಿ ತೆರೆದದ್ದು ಬೇರೊಂದು ಕಡೆಯಿಂದ, ಅದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಕಾಲೇಜಿನ ವೇಳಾಪಟ್ಟಿಯ ಉದಾಹರಣೆಯಿಂದ ಅದನ್ನು ಹೇಳುತ್ತೇನೆ. ಫಲಕದ ಮೇಲಿನ ವೇಳಾಪಟ್ಟಿಯನ್ನು ಹುಡುಗರು ಬರೆದುಕೊಳ್ಳುತ್ತಿರುವಾಗ ಅದರ ಮೇಲೆಯೇ ಗೀಚಿ ತಿದ್ದಹೊರಟರೆ ಅರ್ಧ ಹಳೆಯದು ಅರ್ಧ ಹೊಸದು ಅವರ ವಹಿಗೆ ಹೋಗುತ್ತದೆ. ಆದ್ದರಿಂದ ಬುದ್ಧಿವಂತ ಗುಮಾಸ್ತನು ಅದರ ಇನ್ನೊಂದು ಪ್ರತಿ ಮಾಡಿ, ಆ ಪ್ರತಿಯಲ್ಲಿ ತಿದ್ದಿ, ಹಳೆಯದನ್ನು ತೆಗೆದು ಹೊಸದನ್ನು ಹಚ್ಚುತ್ತಾನೆ. ಹಳೆಯ ಹಾಳೆಯನ್ನು ನೋಡುತ್ತಿದ್ದವರು ಅದನ್ನು ಕೈಯಲ್ಲಿ ಹಿಡಿದು ಮುಗಿಸಲಿ. ಅವರೆಲ್ಲ ಹೋದ ಮೇಲೆ ಅದು ರದ್ದಿಗೆ. ಓದುವವನಿಗೆ ಕೀಲಿಯೇ ಬೇಡ, ಎಣಿಕೆಯ ಚೀಟಿಯೂ ಬೇಡ. ಈ ಉಪಾಯಕ್ಕೆ ಆರ್.ಸಿ.ಯು. ಎಂದು ಹೆಸರು. ಅಮೆರಿಕೆಯ ಪಾಲ್ ಮೆಕೆನ್ನಿಯವರು ಅದನ್ನು ಬೆಳೆಸಿದ ಪ್ರಮುಖರು. ಅದು ಲಿನಕ್ಸಿಗೆ ಸೇರಿದ್ದು 2002ರ ಅಕ್ಟೋಬರಿನಲ್ಲಿ. ಆ ಕೆಲಸದಲ್ಲಿ ಮುಂದಾಗಿ ನಿಂತವರು ಐ.ಬಿ.ಎಂ. ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ದೀಪಂಕರ್ ಸರ್ಮಾ. ಕಡತಗಳ ಹೆಸರನ್ನು ಹುಡುಕುವ ಹಾದಿಯಲ್ಲಿದ್ದ ಕೀಲಿಯ ಕಾಟವನ್ನು ಅದೇ ಉಪಾಯದಿಂದ ಇಳಿಸಿದ ಬಗೆಯನ್ನು ಮೆಕೆನ್ನಿ, ಸರ್ಮಾ ಮತ್ತು ಮನೀಶ್ ಸೋನಿ ಮೂವರೂ ಸೇರಿ 2004ರಲ್ಲಿ ಒಂದು ಪತ್ರಿಕೆಯಲ್ಲಿ ಬರೆದರು.

ಸ್ಮರಣೆಯ ದಫ್ತರಕ್ಕೆ ಈ ಉಪಾಯವನ್ನು ಹೊಂದಿಸಲು ಮೊದಲು ದಫ್ತರದ ಕಟ್ಟನ್ನೇ ಬದಲಾಯಿಸಬೇಕಾಯಿತು. 2022ರ ಡಿಸೆಂಬರಿನಲ್ಲಿ ಮೇಪಲ್ ಟ್ರೀ ಎಂಬ ಹೊಸ ಕಟ್ಟು ಬಂದಿತು. ಇದರಲ್ಲಿ ಖೋಲಿ ಹುಡುಕಲು ಕೀಲಿ ಹಿಡಿಯಬೇಕಾಗಿಲ್ಲ. ಅದರ ಮೇಲೆ ಗೂಗಲ್ ಸಂಸ್ಥೆಯ ಸುರೇನ್ ಬಘ್ದಾಸರ್ಯನ್ ಎಂಬವರು ಖೋಲಿಗೊಂದು ಕೀಲಿಯ ಏರ್ಪಾಟನ್ನು ಕೂಡಿಸಿದರು. 2023ರ ಜೂನಿನಲ್ಲಿ ಹೊರಬಂದ ಲಿನಕ್ಸ್ 6.4ರಲ್ಲಿ ಅದು ಸೇರಿತು. ಗೂಗಲಿನವರಿಗೆ ಅದರ ಅವಸರವಿದ್ದದ್ದು ಸಹಜ. ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರುವುದು ಲಿನಕ್ಸೇ. ನಾವು ಬೆರಳಿನಿಂದ ಒಂದು ಚಿತ್ರವನ್ನು ಒತ್ತಿದಾಗ ಹತ್ತಾರು ಎಳೆಗಳು ಒಮ್ಮೆಲೆ ಎದ್ದು ಕೆಲವು ಖೋಲಿ ಕಟ್ಟುತ್ತವೆ, ಕೆಲವು ಪುಟ ಕೇಳುತ್ತವೆ. ಬೆಳಗಿನ ಪಡಸಾಲೆ!

ಆ ಏರ್ಪಾಟಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಅಂಶವುಂಟು. ನೂರು ಖೋಲಿಗೆ ನೂರು ಕೀಲಿ ಹಾಕಿದವನು ಕೆಲಸ ಮುಗಿದ ಮೇಲೆ ನೂರನ್ನೂ ತೆಗೆಯುತ್ತ ಹೋಗಬೇಕಲ್ಲವೆ? ಹಾಗೇನೂ ಇಲ್ಲ. ಪಡಸಾಲೆಯಲ್ಲಿ ಒಂದು ಹಲಗೆ, ಅದರ ಮೇಲೆ ಒಂದು ಅಂಕೆ. ಗೋಡೆಯ ಕೆಲಸದವನು ತಾನು ಮುಟ್ಟುವ ಖೋಲಿಗಳ ಬಾಗಿಲ ಮೇಲೆ ಅದೇ ಅಂಕೆಯನ್ನು ಬರೆಯುತ್ತಾನೆ. ಬಾಗಿಲ ಅಂಕೆ, ಹಲಗೆಯ ಅಂಕೆ ಎರಡೂ ಒಂದೇ ಆಗಿದ್ದರೆ ಖೋಲಿ ಮುಚ್ಚಿದೆ ಎಂದರ್ಥ. ಕೆಲಸ ಮುಗಿದಾಗ ಅವನು ಹಲಗೆಯ ಅಂಕೆಗೆ ಒಂದನ್ನು ಕೂಡಿಸುತ್ತಾನೆ, ಅಷ್ಟೆ. ಎಲ್ಲ ಬಾಗಿಲುಗಳೂ ಒಮ್ಮೆಲೆ ತೆರೆದವು. ಇನ್ನು ಪುಟ ಕೇಳಲು ಬಂದವನು ತನ್ನ ಖೋಲಿ ಮುಚ್ಚಿದ್ದನ್ನು ಕಂಡರೆ ಅಲ್ಲಿಯೇ ಕೂತು ಗೊಣಗುವುದಿಲ್ಲ. ಹಳೆಯ ದೊಡ್ಡ ಬಾಗಿಲಿಗೆ ಹೋಗಿ ಸರದಿ ಹಿಡಿಯುತ್ತಾನೆ. ಎಂದರೆ ಅಜ್ಜಿಯ ಕೀಲಿ ಇನ್ನೂ ಇದೆ. ಆದರೆ ದಿನದ ಬೇಳೆ-ಬೆಲ್ಲಕ್ಕೆ ಬಹುಮಟ್ಟಿಗೆ ಅದರ ಹಂಗಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಈ ಪ್ರಬಂಧವನ್ನು ಬರೆಯುತ್ತಿರಲಿಲ್ಲ. ಮುಂದಿನ ತಿಂಗಳೇ, 2023ರ ಜುಲೈಯಲ್ಲಿ, ಹೊಸ ಏರ್ಪಾಟಿನಲ್ಲಿ ಓಡುತ್ತಿದ್ದ ಕೆಲವು ಪ್ರೋಗ್ರಾಮುಗಳ ಸ್ಮರಣೆ ಕೆಡುತ್ತಿರುವ ಸುದ್ದಿ ಬಂದಿತು. ಕಾರಣ ಸೂಕ್ಷ್ಮ. ಒಂದು ಪ್ರೋಗ್ರಾಮು ತನ್ನಂಥದೇ ಇನ್ನೊಂದನ್ನು ಹುಟ್ಟಿಸುವ ಸಂದರ್ಭವುಂಟು, ಫೋರ್ಕ್ ಎನ್ನುತ್ತಾರೆ. ಆಗ ತಾಯಿಮನೆಯ ಎಲ್ಲ ಖೋಲಿಗಳ ನಕಲನ್ನು ಎತ್ತಬೇಕು. ನಕಲು ಮುಗಿಯುವವರೆಗೆ ಯಾವ ಎಳೆಯೂ ಪುಟ ಪಡೆಯುವಂತಿರಲಿಲ್ಲ, ಏಕೆಂದರೆ ದೊಡ್ಡ ಬಾಗಿಲು ಮುಚ್ಚಿರುತ್ತಿತ್ತು. ಈಗ ಖೋಲಿಯ ಬಾಗಿಲುಗಳು ಬೇರೆಯಾದವು. ಒಬ್ಬನು ನಕಲು ಎತ್ತುತ್ತಿರುವಾಗಲೇ ಇನ್ನೊಬ್ಬನು ಪಕ್ಕದ ಬಾಗಿಲಿನಿಂದ ಬಂದು ಪುಟವನ್ನು ಹಾಸಿಕೊಂಡ. ದೊಡ್ಡ ಕೀಲಿ ಸದ್ದಿಲ್ಲದೆ ಮಾಡುತ್ತಿದ್ದ ಒಂದು ಉಪಕಾರ, ಅದು ಹೋದ ಮೇಲೆ ಕಣ್ಣಿಗೆ ಬಿತ್ತು. ಕೆಲವು ದಿನಗಳಲ್ಲಿಯೇ ತಿದ್ದುಪಡಿ ಬಂದಿತು: ಫೋರ್ಕ್ ನಡೆಯುವಾಗ ಪ್ರತಿಯೊಂದು ಖೋಲಿಗೂ ಕೀಲಿ ಬೀಳತಕ್ಕದ್ದು.

ಇದನ್ನು ಕೇಳುತ್ತಿದ್ದ ನನ್ನ ತಾಯಿ, ಈ ಮಾತುಕತೆಯಲ್ಲಿ ಅದುವರೆಗೆ ಬಾಯಿ ಹಾಕದವರು, "ನಮ್ಮ ಮಾಳಗಿ ಬಿದ್ದಿದ್ದೂ ಹಿಂಗ ಅಲ್ಲೇನು" ಎಂದರು. ನಾನು ಬೆರಗಾದೆ. ಅಜ್ಜಿ ತೀರಿಕೊಂಡ ಮೇಲೆ ನಮ್ಮ ತಂದೆಯೂ ಚಿಕ್ಕಪ್ಪಂದಿರೂ ಪಾಲಾದರು. ಉಗ್ರಾಣದ ಕೀಲಿ ಹೋಯಿತು. ಖೋಲಿಗೊಂದು ಕೀಲಿ ಬಂದಿತು. ಬೆಳಗಿನ ಸಾಲು ಮಾಯವಾಯಿತು. ಮೂರೂ ಸಂಸಾರಗಳು ನಿರಾಳವಾಗಿ ಉಸಿರಾಡಿದವು, ಅದು ಸುಳ್ಳಲ್ಲ. ಆದರೆ ಮಾಳಿಗೆಯ ಮೇಲುಮಣ್ಣು ಯಾರ ಖೋಲಿಗೂ ಸೇರಿದ್ದಲ್ಲ. ಮೊದಲು ಮಳೆಗಾಲಕ್ಕೆ ಮುಂಚೆ ಅಜ್ಜಿ ಒಂದು ದಿನ ಇಡೀ ಮನೆಯನ್ನು ಬರಿದು ಮಾಡಿಸಿ, ಎಲ್ಲರನ್ನೂ ಹೊರಗಿಟ್ಟು, ಮಣ್ಣು ಹಾಕಿಸುತ್ತಿದ್ದಳು. ಪಾಲಾದ ಮೇಲೆ ಒಂದೇ ದಿನ ಮೂರು ಕೀಲಿಗಳನ್ನು ತೆಗೆಸಬಲ್ಲವರು ಯಾರೂ ಉಳಿಯಲಿಲ್ಲ. ನಾಲ್ಕನೆಯ ಮಳೆಗಾಲಕ್ಕೆ ನಡುಮನೆಯ ತೊಲೆ ಕುಸಿಯಿತು. ಅಜ್ಜಿಯ ಕೀಲಿ ಬೇಳೆಯ ಲೆಕ್ಕವನ್ನಷ್ಟೇ ಅಲ್ಲ, ಮಾಳಿಗೆಯನ್ನೂ ಕಾಯುತ್ತಿತ್ತು. ಆದರೆ ಅದನ್ನು ಅವಳು ಎಲ್ಲಿಯೂ ಹೇಳಿರಲಿಲ್ಲ.

ಹಾಗಾದರೆ ದೊಡ್ಡ ಕೀಲಿಯೇ ಲೇಸೆಂದು ನಾನು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯಲ್ಲಿ ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ತನ್ನ ಮೂಲ ಅಂಕಪಟ್ಟಿಗಾಗಿ ಬೆಳಗಿನಿಂದ ನಿಂತಿದ್ದಳು. ನಾನೂ ಅವಳ ಸಂಗಡ ಹೋಗಿದ್ದೆ. ಅಂದು ಸಂಜೆಯೊಳಗೆ ಅದನ್ನು ತೋರಿಸದಿದ್ದರೆ ಅವಳ ಸೀಟು ಹೋಗುತ್ತಿತ್ತು. ಅಂಕಪಟ್ಟಿ ಕಪಾಟಿನಲ್ಲಿತ್ತು. ಕಪಾಟಿನ ಕೀಲಿಕೈ ಇದ್ದ ಗುಮಾಸ್ತರು ಮದುವೆಗೆಂದು ಗದಗಿಗೆ ಹೋಗಿದ್ದರು. ಅದೇ ಕಪಾಟಿನಲ್ಲಿ ಕಚೇರಿಯ ನಗದು ಪುಸ್ತಕವೂ ಇದ್ದುದರಿಂದ ಕೀಲಿಕೈ ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ಇರಲಿಲ್ಲ. ಪದ್ಧತಿಯಲ್ಲಿ ದೋಷ ಹುಡುಕುವಂತಿಲ್ಲ, ನಗದನ್ನು ಕಾಯಲೇಬೇಕು. ಆದರೆ ನಗದಿಗೆ ಹಾಕಿದ ಕೀಲಿ ಹುಡುಗಿಯ ಒಂದು ವರ್ಷವನ್ನು ತಿಂದಿತು. ಅವಳಿಗೆ ಬೇಕಾದದ್ದು ಬೇರೆ ಅಂಕಣದಲ್ಲಿತ್ತು. ಕೀಲಿ ಹಾಕಿದವರ ವಹಿಯಲ್ಲಿ ಕಾದವರ ಖರ್ಚನ್ನು ಬರೆಯುವ ಕಾಲಮ್ಮೇ ಇರುವುದಿಲ್ಲ.

ಸಾಲು ಎಂಬುದು ಪೂರ್ತಿ ಅಳಿಯುವ ವಸ್ತುವೂ ಅಲ್ಲ. 2018ರಿಂದ ನಮ್ಮೂರ ಮುಂದೆ ಚಿಗರಿ ಬಸ್ಸುಗಳು ರಸ್ತೆಯ ನಟ್ಟನಡುವಿನ ತಮ್ಮದೇ ಹಾದಿಯಲ್ಲಿ ಓಡುತ್ತಿವೆ. ಬಸ್ಸಿನಲ್ಲಿ ಕುಳಿತವರು ಬದಿಯ ವಾಹನಗಳಿಗಾಗಿ ಕಾಯಬೇಕಾಗಿಲ್ಲ. ಬದಿಯಲ್ಲಿ ಬೈಕು ಹಿಡಿದವರನ್ನು ಕೇಳಿದರೆ ಬೇರೆ ಪುರಾಣ ಹೇಳಿಯಾರು. ಕಾಯುವಿಕೆಯನ್ನು ಒಂದು ಕಡೆಯಿಂದ ತೆಗೆದಾಗ ಅದು ಎಲ್ಲಿಗೆ ಹೋಗಿ ಕುಳಿತುಕೊಂಡಿತೆಂದು ನೋಡಬೇಕಾಗುತ್ತದೆ. ಲಿನಕ್ಸಿನವರು ವರ್ಷಗಟ್ಟಲೆ ಮಾಡುತ್ತ ಬಂದದ್ದೂ ಇದನ್ನೇ: ಒಂದು ಸಾಲು ಕರಗಿಸು, ಮುಂದಿನದು ಎಲ್ಲಿ ಬೆಳೆಯಿತೆಂದು ಅಳೆ.

ಊರಿಗೆ ಹೊರಡುವ ದಿನ ಸೊಸೆ ಇನ್ನೊಂದು ಮಾತು ಹೇಳಿದಳು. ಅವರಲ್ಲಿ ಒಳ್ಳೆಯ ಕೆಲಸಗಾರರು ಕೀಲಿಯೊಂದನ್ನು ಸೇರಿಸಿದಾಗ ಅದರ ಪಕ್ಕದಲ್ಲಿಯೇ, ಇದು ಏನನ್ನು ಕಾಯುತ್ತದೆ, ಇದಕ್ಕಿಂತ ಮೊದಲು ಯಾವ ಕೀಲಿಯನ್ನು ಹಿಡಿದಿರಬೇಕು ಎಂದು ಎರಡು ಸಾಲು ಬರೆದಿಡುತ್ತಾರಂತೆ. ಸ್ಮರಣೆಯ ಮನೆಯ ಕೀಲಿಗಳ ನಿಯಮಗಳನ್ನಂತೂ ಈಚೆಗೆ ಒಂದು ಉದ್ದನೆಯ ದಾಖಲೆಯಾಗಿಯೇ ಬರೆದಿದ್ದಾರಂತೆ. ಅಷ್ಟನ್ನು ಬರೆದಿಟ್ಟರೆ ಮುಂದೆ ಬರುವವನು ಕೀಲಿಯನ್ನು ಧೈರ್ಯವಾಗಿ ಸಣ್ಣದು ಮಾಡಬಲ್ಲ. ಬರೆಯದಿದ್ದರೆ ಒಂದೋ ಹೆದರಿ ಹಾಗೆಯೇ ಬಿಡುತ್ತಾನೆ, ಇಲ್ಲವೆ ಕಿತ್ತೆಸೆದು ಮಾಳಿಗೆ ಬೀಳಿಸುತ್ತಾನೆ. ನಮ್ಮ ಮನೆಗಳಲ್ಲಿ, ಕಚೇರಿಗಳಲ್ಲಿ, ಪದ್ಧತಿ ಎಂಬ ಹೆಸರಿನಿಂದ ತೂಗುತ್ತಿರುವ ಕೀಲಿಗಳು ಎಷ್ಟೋ. ಅವುಗಳ ಕೆಳಗೂ ಎರಡು ಸಾಲು ಇರಬಾರದೆ? ಇದು ಏನನ್ನು ಕಾಯುತ್ತಿದೆ ಎಂಬುದು ಮೊದಲನೆಯ ಸಾಲು. ಇದಕ್ಕಾಗಿ ಯಾರು ಕಾಯುತ್ತಿದ್ದಾರೆ ಎಂಬುದು ಎರಡನೆಯದು.